ಕಣ್ಣು ಮುಚ್ಚಿ ಕೇಳು

ಆಳಂದದ ಕಡೆಯ ಹಿರಿಯರ ಬಾಯಲ್ಲಿ ‘ಛಲೋ ಅದ’ ಅನ್ನುವುದು ಸಾಧಾರಣ ಮೆಚ್ಚುಗೆ. ‘ಥೇಟ್ ಖರೇದರಂಗ ಅದ’ ಅಂದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲು. ಬಯಲಾಟದ ರಕ್ಕಸನಿಗೆ, ಮಣ್ಣೆತ್ತಿನ ಅಮಾಸಿಯ ಎತ್ತಿಗೆ ಸಲ್ಲುವ ಈ ಪದವಿಯನ್ನು ನಮ್ಮ ಸೋದರಮಾವ ತಮ್ಮ ಗ್ರಾಮಾಫೋನಿಗೂ ಕೊಟ್ಟಿದ್ದರು. ಕರೆಂಟಿನ ಹಂಗಿಲ್ಲದ, ಚಾವಿ ತಿರುವಿದರೆ ಹಾಡುವ ಪೆಟ್ಟಿಗೆ. “ಕಣ್ಣ ಮುಚ್ಚಿ ಕೇಳು, ಬಾಯಿ ಎದುರಿಗೇ ಕುಂತು ಹಾಡ್ಲಿಕತ್ತಾಳ” ಅನ್ನುತ್ತಿದ್ದರು. ಕಣ್ಣು ಮುಚ್ಚಿದ ನನಗೆ ಬಾಯಿಯ ಜೊತೆ ಯಾರೋ ಬೆಲ್ಲದ ಹೆಂಟೆ ಗರಗರ ಕೆರೆಯುವುದೂ ಕೇಳುತ್ತಿತ್ತು. ಅದೇನೆಂದು ಕೇಳಿದ್ದಕ್ಕೆ ಮಾವ, “ಅದು ಸಾಥಿಗೆ ಇರ್ತದ” ಅಂದುಬಿಟ್ಟರು.

ಮಾವನನ್ನು ನೋಡಿ ನಗುವ ಹಾಗಿಲ್ಲ. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ತಮಾಷೆ ನಡೆದಿತ್ತು. 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದ ಎಡಿಸನ್, 1912ರಲ್ಲಿ ಡೈಮಂಡ್ ಡಿಸ್ಕ್ ಎಂಬ ದಪ್ಪ ತಟ್ಟೆಯನ್ನು ಮಾರುಕಟ್ಟೆಗೆ ತಂದ. ಮನುಷ್ಯನ ಕಂಠಕ್ಕೂ ತನ್ನ ಯಂತ್ರಕ್ಕೂ ವ್ಯತ್ಯಾಸವೇ ಇಲ್ಲವೆಂದು ತೋರಿಸಲು 1915ರಿಂದ ಊರೂರಿನಲ್ಲಿ ಪರೀಕ್ಷೆ ಏರ್ಪಡಿಸಿದ. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಯಂತ್ರ. ಇಬ್ಬರೂ ಒಂದೇ ಹಾಡು ಹಾಡುವುದು, ನಡುನಡುವೆ ಗಾಯಕಿ ತುಟಿ ಮುಚ್ಚುವುದು. ಆಮೇಲೆ ದೀಪ ಆರಿಸುವುದು. ದೀಪ ಹತ್ತಿದಾಗ ಗಾಯಕಿ ಇರುತ್ತಿರಲಿಲ್ಲ, ಹಾಡು ಮಾತ್ರ ಸಾಗಿರುತ್ತಿತ್ತು. ಜನ ಬೆರಗಾದರು. ಅನ್ನಾ ಕೇಸ್ ಎಂಬ ಗಾಯಕಿ ಮುದಿವಯಸ್ಸಿನಲ್ಲಿ ಗುಟ್ಟು ಬಿಟ್ಟುಕೊಟ್ಟಳು: ಯಂತ್ರ ತನ್ನಂತೆ ಹಾಡುತ್ತಿರಲಿಲ್ಲ, ತಾನೇ ಯಂತ್ರದಂತೆ ಹಾಡುತ್ತಿದ್ದೆ ಎಂದು! ಇಷ್ಟಕ್ಕೆಲ್ಲ ತೀರ್ಪುಗಾರನಾಗಿದ್ದ ಎಡಿಸನ್‌ಗೆ ಕಿವಿ ಮಂದ. ಪೆಟ್ಟಿಗೆಯ ಕಟ್ಟಿಗೆಗೆ ಹಲ್ಲು ಕಚ್ಚಿ, ಎಲುಬಿನ ಮೂಲಕ ಹಾಡು ಕೇಳುತ್ತಿದ್ದನಂತೆ. ಸಂಗೀತವನ್ನು ಸವಿಯುವುದು ಅಂದರೆ ಇದೇ ಇರಬೇಕು.

ನಮ್ಮವರ ಪಾಡೂ ಬೇರೆಯಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ, ತಟ್ಟೆಗೆ ಹಾಡು ಹಿಡಿಯಲು ಬಂದಿದ್ದ ಫ್ರೆಡ್ ಗೈಸ್‌ಬರ್ಗ್ ಮುಂದೆ ಗಾಯಕಿ ಗೌಹರ್ ಜಾನ್ ಹಾಡಿದಾಗ ಮೈಕಿಲ್ಲ, ಎದುರಿಗೊಂದು ಕಹಳೆ. ಅದರೊಳಗೆ ಮುಖ ಹಾಕಿ ಕೂಗಿ ಹಾಡಬೇಕು. ಗಂಟೆಗಟ್ಟಲೆ ಅರಳುವ ರಾಗವನ್ನು ಮೂರು ನಿಮಿಷದೊಳಗೆ ಮಡಚಬೇಕು. ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಬೇಕು, ಯಾಕಂದರೆ ತಟ್ಟೆ ಅಚ್ಚಾಗುವುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾವುದು ಯಾರ ಹಾಡೆಂದು ತಿಳಿಯಬೇಡವೇ? ದಿಲ್ಲಿ, ಕಲ್ಕತ್ತೆ ಕುಣಿಸಿದ ಆ ಗೌಹರ್ ಕಡೆಗೆ ಮೈಸೂರು ಅರಮನೆಯ ಆಸರೆಗೆ ಬಂದು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು. ಇಂದು ಆ ತಟ್ಟೆ ಹಾಕಿದರೆ ತಂಬೂರಿ ಕೇಳುವುದೇ ಇಲ್ಲ. ಕಹಳೆಗೆ ತೀರ ತಗ್ಗಿನ ಸ್ವರವೂ ಹತ್ತದು, ತೀರ ನವುರಾದದ್ದೂ ಹತ್ತದು. 1925ರ ಸುಮಾರಿಗೆ ಮೈಕು ಬಂದ ಮೇಲೆಯೇ ತಟ್ಟೆಯ ಕಿವಿ ಸ್ವಲ್ಪ ತೆರೆದದ್ದು.

ತಟ್ಟೆ ಮಾಡುತ್ತಿದ್ದುದು ಅರಗಿನಿಂದ. ಮುತ್ತುಗದಂಥ ಗಿಡದ ಮೇಲೆ ಹುಳ ಕಟ್ಟುವ ಅದೇ ಅರಗು. ನಮ್ಮ ನಾಡಿನ ಅರಗು ಹಡಗು ಹತ್ತಿ ಹೋಗಿ, ನಮ್ಮದೇ ಠುಮರಿ ಹೊತ್ತು ವಾಪಸು ಬರುವುದು ಚೆಂದದ ಸಂಗತಿ. ಆದರೆ ಅರಗಿಗೆ ಬಿಸಿಲು ಆಗದು, ಅಫಜಲಪುರ-ಜೇವರ್ಗಿಗೆ ಬಿಸಿಲು ಬಿಟ್ಟರೆ ಬೇರೆ ಆಗದು. ಮೇ ತಿಂಗಳಲ್ಲಿ ಮಾವನ ತಟ್ಟೆಗಳು ಹಪ್ಪಳದಂತೆ ಸೊಟ್ಟಗಾಗಿ, ಯಾವ ಘರಾನೆಯೂ ಕಲಿಸದ ಗಮಕಗಳು ತಾವಾಗಿ ಹುಟ್ಟುತ್ತಿದ್ದವು. ತಟ್ಟೆಯ ಒಂದು ಮಗ್ಗುಲಿಗೆ ಒಂದು ಉಕ್ಕಿನ ಸೂಜಿ ಎಂಬುದು ಶಾಸ್ತ್ರ. ಮಾವ ಒಂದೇ ಸೂಜಿಯಲ್ಲಿ ಇಡೀ ಶ್ರಾವಣ ತೀರಿಸಿ, ಅದೂ ಮುಗಿದಾಗ ಹಿತ್ತಲ ಜಾಲಿಮುಳ್ಳು ಸಿಕ್ಕಿಸುತ್ತಿದ್ದರು. ಇದು ಬರೀ ಜಿಪುಣತನವಲ್ಲ. ಉಕ್ಕು ತಟ್ಟೆ ತಿನ್ನುತ್ತದೆಂದು ಕಳ್ಳಿಮುಳ್ಳಿನಲ್ಲೇ ಹಾಡಿಸುವ ರಸಿಕರು ಇಂಗ್ಲೆಂಡಿನಲ್ಲೂ ಇದ್ದರು.

ಚಾವಿ ಇಳಿದಾಗಿನ ಗಮ್ಮತ್ತೇ ಬೇರೆ. ನಿಮಿಷಕ್ಕೆ 78 ಸುತ್ತು ತಿರುಗಬೇಕಾದದ್ದು ಅರವತ್ತು, ಐವತ್ತಕ್ಕೆ ಇಳಿದಂತೆ ಬಾಯಿಯ ದನಿ ದಪ್ಪಗಾಗಿ, ಗಂಡಸಾಗಿ, ಕೊನೆಗೆ ಕೋಣವಾಗುತ್ತಿತ್ತು. ನಾವು ಓಡಿಹೋಗಿ ತಿರುವಿದರೆ ಮತ್ತೆ ಹೆಂಗಸು. ಗಂಗೂಬಾಯಿ ಹಾನಗಲ್ಲರ ವಿಷಯದಲ್ಲಿ ಚಾವಿಯ ಕೆಲಸವನ್ನು ಕಾಲವೇ ಮಾಡಿತು. 1930ರ ದಶಕದಲ್ಲಿ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಬಂದ ಅವರ ತಟ್ಟೆಗಳಲ್ಲಿರುವುದು ತೆಳ್ಳಗಿನ, ಏರುದನಿಯ ಹುಡುಗಿ. ಗಂಟಲ ಚಿಕಿತ್ಸೆಯಾದ ಮೇಲೆ ನಾವೆಲ್ಲ ಬಲ್ಲ ಆ ಗಂಭೀರ ಕಂಠ ಬಂತು. ಹಳೆಯ ತಟ್ಟೆ ತನ್ನ ಮಾತಿಗೆ ನಿಂತಿತ್ತು, ಬದಲಾದದ್ದು ಗಾಯಕಿ. ಹೊಸ ಕಂಠವೇ ಸಾವಿರ ಪಾಲು ಮೇಲೆಂದು ನನ್ನ ಮತ. ಹಾಗಂದಮೇಲೆ ತಟ್ಟೆಯ ನಿಯತ್ತಿಗೆ ನಾನು ಎಷ್ಟು ಬೆಲೆ ಕೊಡಲಿ?

ಇತ್ತ ಗದಗಿನಲ್ಲಿ ಒಬ್ಬ ಹುಡುಗ ಅಂಗಡಿಯ ಮುಂದೆ ನಿಂತು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆ ಕೇಳಿದ. ಹಾಗೆ ಹಾಡಬೇಕೆಂಬ ಹುಚ್ಚು ಹತ್ತಿ, ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟ. ಭೀಮಸೇನ ಜೋಶಿಯವರ ಕಥೆ ಇದು. ಗರಗರದ ನಡುವೆ ಮೂರು ನಿಮಿಷ ಕೇಳಿದ್ದು ಅಷ್ಟು ದೂರ ಓಡಿಸಿತಲ್ಲ! ದನಿ ತಿಳಿಯಾಗಿದ್ದರೆ ಮನೆಯಲ್ಲೇ ಕೂತು ಕೇಳುತ್ತಿದ್ದನೋ ಏನೋ.

ನಮ್ಮ ಜೇವರ್ಗಿ ಸೀಮೆಯಲ್ಲಿ ಇದಕ್ಕಿಂತ ಹಳೆಯ ತಟ್ಟೆಗಳಿವೆ, ಚಾವಿ ಬೇಡುವುದಿಲ್ಲ. ಕಡಕೋಳ ಮಡಿವಾಳಪ್ಪನ ತತ್ವಪದಗಳು ಬಾಯಿಂದ ಬಾಯಿಗೆ, ಏಕತಾರಿಯ ಮೇಲೆ, ರಾತ್ರಿಯಿಡೀ ನಡೆಯುತ್ತವೆ. ಒಂದೊಂದು ಊರಿನಲ್ಲಿ ಒಂದೊಂದು ಧಾಟಿ, ಒಂದೊಂದು ನುಡಿ ಹೆಚ್ಚುಕಮ್ಮಿ. ಪ್ರತಿ ಊರಿನವರೂ ತಮ್ಮದೇ ಅಸಲು ಅನ್ನುತ್ತಾರೆ. ಈಚೆಗೆ ಭೀಮಾ ದಂಡೆಯ ಒಂದು ಹಳ್ಳಿಯ ಭಜನೆಯಲ್ಲಿ ಒಂದು ಸಾಲಿಗಾಗಿ ಎರಡು ಮೇಳಗಳ ನಡುವೆ ಜಗಳ ಹತ್ತಿತು. ಹುಡುಗನೊಬ್ಬ ಹಿಂದಿನ ವರ್ಷ ಇದೇ ಹಿರಿಯರು ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದ, ಎಲ್ಲರಿಗೂ ಕೇಳಿಸಿದ. ಹಿರಿಯರು ತಮ್ಮದೇ ದನಿಯನ್ನು ತಲೆಯಾಡಿಸಿಕೊಂಡು ಪೂರ್ತಿ ಕೇಳಿದರು. ಆಮೇಲೆ ಅಂದರು: “ಪೋನು ತಪ್ಪು ಕೇಳಿಸ್ಕೊಂಡದ. ಬಂದ್ ಮಾಡು, ನಾ ಹಾಡ್ತೀನಿ.”