‘ಉತ್ತಮ ಜೀವನಶೈಲಿ’ಯ ಅಪರಾಧ

2022ರಲ್ಲಿ ಕರ್ನಾಟಕ ಮತಾಂತರ ನಿಷೇಧ ಕಾಯ್ದೆ ತಂದಿತು. ಅದರ ಪರವಾಗಿ ಕೂಗಿದವರೂ ವಿರೋಧವಾಗಿ ಕೂಗಿದವರೂ ಅದನ್ನು ಓದಿದಂತಿಲ್ಲ. ಓದಿದ್ದರೆ ಕೂಗು ನಿಂತು ನಗು ಶುರುವಾಗುತ್ತಿತ್ತು. ‘ಆಮಿಷ’ ಎಂದರೇನು ಎಂಬುದಕ್ಕೆ ಅದರಲ್ಲೊಂದು ಪಟ್ಟಿಯಿದೆ: ಉಡುಗೊರೆ, ಸುಲಭದ ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಮದುವೆಯ ಭರವಸೆ, ಉತ್ತಮ ಜೀವನಶೈಲಿ. ಇದೇ ಪಟ್ಟಿಯ ತಲೆಯ ಮೇಲೊಂದು ಪಕ್ಷದ ಚಿಹ್ನೆ ಒತ್ತಿದರೆ ಅದು ಚುನಾವಣಾ ಪ್ರಣಾಳಿಕೆ.

2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡಲು ತೀರ್ಮಾನಿಸಿತು. ಇಷ್ಟು ಸೊಗಸಾದ ಪಟ್ಟಿ ಸರಿಯಾದ ಆರೋಪಿಗಳಿಗೆ ಬಳಕೆಯಾಗದೇ ಹೋಗಬಾರದು. ಆದ್ದರಿಂದ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಮತ್ತು ಅವರ ಬೆನ್ನಿಗೆ ಬಂದ ಸಮಸ್ತ ಪಾದ್ರಿಗಳ ಮೇಲೆ, ಪೂರ್ವಾನ್ವಯವಾಗುವಂತೆ, ಈ ದೋಷಾರೋಪ ಪಟ್ಟಿ ಸಲ್ಲಿಸುತ್ತಿದ್ದೇನೆ.

ಮೊದಲನೆಯ ಆರೋಪ, ಉದ್ಯೋಗ. ಕ್ರೈಸ್ತನಾದವನನ್ನು ಮನೆಯವರು ಹೊರಗೆ ಹಾಕಿದರು, ಜಾತಿಯವರು ಬಾವಿ ಮುಚ್ಚಿದರು, ಧಣಿಗಳು ಗೇಣಿಯ ಗದ್ದೆ ಬಿಡಿಸಿದರು. ಸಂಪ್ರದಾಯದ ಪ್ರಕಾರ ಅವನು ಉಪವಾಸ ಬಿದ್ದು ಬುದ್ಧಿ ಕಲಿಯಬೇಕಿತ್ತು. ಪಾದ್ರಿಗಳು ಮಧ್ಯೆ ಬಾಯಿ ಹಾಕಿ ಬಲ್ಮಠದಲ್ಲಿ ಮಗ್ಗ ಹೂಡಿದರು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬಾತ ಹೆಂಚಿನ ಕಾರ್ಖಾನೆಯನ್ನೇ ತೆರೆದ. ಅಪರಾಧ ಸಾಬೀತಾಗಿದೆ. ತೊಡಕಿರುವುದು ಸಾಕ್ಷ್ಯದ ಜಪ್ತಿಯಲ್ಲಿ. ಆ ಹೆಂಚಿನ ಮಾದರಿ ಕರಾವಳಿಯ ದೇವಸ್ಥಾನ, ಮಠ, ಗುತ್ತಿನ ಮನೆಗಳ ಮಾಡಿನ ಮೇಲೆಲ್ಲ ಹರಡಿ ಕೂತಿದೆ. ಇನ್ನು ಬಲ್ಮಠದ ನೇಯ್ಗೆಯವರಲ್ಲಿ ಹಾಲರ್ ಎಂಬಾತ ಖಾಕಿ ಬಣ್ಣ ಕುದಿಸಿದ. ಆರೋಪಿಯನ್ನು ಹಿಡಿಯಲು ಹೊರಟ ಪೊಲೀಸಪ್ಪ ಮೊದಲು ತನ್ನ ಅಂಗಿ ಬಿಚ್ಚಿ ಪಂಚನಾಮೆ ಮಾಡಿಸಬೇಕಾಗುತ್ತದೆ.

ಎರಡನೆಯ ಆರೋಪ, ಶಿಕ್ಷಣ. ಇಲ್ಲಿ ನಿಜವಾಗಿ ಮೋಸ ಹೋದವರು ಪಾದ್ರಿಗಳು. ಮೇಲ್ಜಾತಿಯ ಹುಡುಗರು ಮಿಶನ್ ಶಾಲೆಗೆ ಬಂದರು, ಇಂಗ್ಲಿಷ್ ಕಲಿತರು, ಬೈಬಲ್ ಪಾಠವನ್ನು ಶಾಲೆಯ ಫೀಸು ಎಂದು ತಿಳಿದು ಸಹಿಸಿಕೊಂಡರು, ಜನಿವಾರ ಸರಿಮಾಡಿಕೊಂಡು ಕಚೇರಿಗಳಲ್ಲಿ ಕೂತರು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ ದೀಕ್ಷೆ ಪಡೆದಾಗ ಊರೇ ಕುದಿಯಿತು. ಅದೇ ಕಾಲದಲ್ಲಿ ಬಿಲ್ಲವರ ಮನೆಗಳವರು ಒಬ್ಬೊಬ್ಬರಾಗಿ ಚರ್ಚಿಗೆ ಹೋದಾಗ ಊರು ಅಷ್ಟಾಗಿ ಕುದಿಯಲಿಲ್ಲ. ಧರ್ಮಕ್ಕೆ ಒದಗುವ ಅಪಾಯವನ್ನು ನಾವು ಹೋದವನ ಜಾತಿ ನೋಡಿ ಅಳೆಯುತ್ತೇವೆ.

ಮೂರನೆಯದು, ಮದುವೆಯ ಭರವಸೆ. ಈ ಕಲಮು ಅಕ್ಷರಶಃ ಅನ್ವಯಿಸುತ್ತದೆ, ಆದರೆ ಆಮಿಷಕ್ಕೆ ಒಳಗಾದವರು ನಮ್ಮವರಲ್ಲ. ಬಾಸೆಲ್ ಪಾದ್ರಿ ಮೊದಲ ಕೆಲವು ವರ್ಷ ಬ್ರಹ್ಮಚಾರಿಯಾಗಿ ದುಡಿದು, ಆಮೇಲೆ ಮದುವೆಗೆ ಅರ್ಜಿ ಹಾಕಬೇಕಿತ್ತು. ಹೆಣ್ಣಿಗೆ ಒಪ್ಪಿಗೆ ಕೊಡುವುದು ಬಾಸೆಲ್‌ನಲ್ಲಿದ್ದ ಸಮಿತಿ. ಎಷ್ಟೋ ಹುಡುಗಿಯರು ಮುಖ ನೋಡದ ಗಂಡನಿಗಾಗಿ ಹಡಗು ಹತ್ತಿ, ಬಂದರಿನಲ್ಲಿಳಿದು ಅವನನ್ನು ಗುರುತಿಸಿಕೊಂಡರು. ಜಾತಕ ನೋಡುವ ನಮ್ಮನ್ನು ಮೂಢರೆಂದು ಜರೆದ ಪಾದ್ರಿಗೆ ತನ್ನ ಹೆಂಡತಿ ಅಂಚೆಯಲ್ಲಿ ಬಂದಳೆಂಬುದು ವಿಚಿತ್ರವಾಗಿ ಕಾಣಲಿಲ್ಲ.

ನಾಲ್ಕನೆಯದು, ಉತ್ತಮ ಜೀವನಶೈಲಿ. ಆರೋಪಿಗಳು ಅದನ್ನು ತಾವೇ ಎಷ್ಟರಮಟ್ಟಿಗೆ ಅನುಭವಿಸಿದರೆಂದು ನೋಡೋಣ. ಜ್ವರ, ಭೇದಿ, ಹೆರಿಗೆ, ಮಿಶನ್ ಗೋರಿಗಳಲ್ಲಿ ಮಕ್ಕಳವೇ ಒಂದು ಸಾಲು. ನಮಗೆ ನಿಘಂಟು ಕೊಟ್ಟ ಕಿಟ್ಟೆಲ್ಲರ ಮಡದಿ ಪೌಲಿನ್ ಮದುವೆಯಾದ ನಾಲ್ಕೇ ವರ್ಷಕ್ಕೆ, 1864ರಲ್ಲಿ ತೀರಿಕೊಂಡರು; ಆಮೇಲೆ ಆಕೆಯ ಸೋದರಿಯೇ ಆ ಮನೆಗೆ ಬಂದರು. ಬದುಕಿ ಉಳಿದ ಮಕ್ಕಳನ್ನು ಎಳವೆಯಲ್ಲೇ ಯುರೋಪಿಗೆ ಕಳಿಸಬೇಕೆಂಬುದು ಪದ್ಧತಿ. ಅವರಿಗಾಗಿಯೇ ಬಾಸೆಲ್‌ನಲ್ಲಿ ಒಂದು ಮಕ್ಕಳ ಮನೆಯಿತ್ತು. ಮಲಯಾಳಂ ವಿದ್ವಾಂಸ ಪಾದ್ರಿ ಗುಂಡರ್ಟರ ಮಗಳು ಮರೀ, ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದವಳು, ಹಾಗೆ ಯುರೋಪಿಗೆ ಹೋದವಳೇ; ಮುಂದೆ ನೊಬೆಲ್ ಪಡೆದ ಹರ್ಮನ್ ಹೆಸ್ಸೆಗೆ ತಾಯಿಯಾದಳು. ಇಲ್ಲಿನ ಅನಾಥ ಮಕ್ಕಳಿಗೆ ತಂದೆತಾಯಿಯಾಗಲು ಬಂದ ದಂಪತಿ ಸ್ವಂತ ಮಕ್ಕಳನ್ನು ತಂದೆತಾಯಿಯಿಲ್ಲದ ಮನೆಗೆ ಕಳಿಸಿಕೊಟ್ಟರು. ಇದನ್ನು ತ್ಯಾಗವೆಂದು ಮಿಶನ್ ವರದಿಗಳು ಕೊಂಡಾಡಿದವು. ಆ ಮಕ್ಕಳ ಅಭಿಪ್ರಾಯವನ್ನು ಸಮಿತಿ ಕೇಳಿರಲಿಲ್ಲ.

ಐದನೆಯದು, ಅದೇ ಪಟ್ಟಿಯಲ್ಲಿ ಮುಂದೆ ಬರುವ, ಇನ್ನೊಂದು ಧರ್ಮದ ಹೀಯಾಳಿಕೆ. ಇದೊಂದರಲ್ಲಿ ವಕೀಲರನ್ನಿಟ್ಟರೂ ಬಿಡುಗಡೆಯಿಲ್ಲ. ಜಾತ್ರೆಯ ನಡುವೆ ನಿಂತು ಹೆಬಿಕ್ ಮಾಡಿದ ಗರ್ಜನೆಗಳಿವೆ, ಭೂತಾರಾಧನೆಯನ್ನು ಸೈತಾನನ ಸೇವೆಯೆಂದ ಬರಹಗಳಿವೆ. ಸೈತಾನನ ಕಡತವನ್ನೂ ಜೋಪಾನ ಮಾಡುವುದು ಮಾತ್ರ ಜರ್ಮನರ ಚಟ. 1886ರಲ್ಲಿ ಮ್ಯಾನರ್ ಎಂಬ ಪಾದ್ರಿ ಅದೇ ಭೂತಗಳ ತುಳು ಹಾಡುಗಳಾದ ಪಾಡ್ದನಗಳನ್ನು ಕಲೆಹಾಕಿ ಮಿಶನ್ನಿನ ಅಚ್ಚುಕೂಟದಲ್ಲೇ ಮುದ್ರಿಸಿದ. ಸಂಸ್ಕೃತಿ ರಕ್ಷಣೆಯ ಭಾಷಣ ಬರೆಯುವವರು ಇಂದಿಗೂ ಆ ಪುಸ್ತಕ ಹುಡುಕುತ್ತಾರೆ. ಪ್ರತಿ ಜುಲೈ 1ರಂದು ಪತ್ರಿಕಾ ದಿನಾಚರಣೆಯಲ್ಲಿ ಶಾಲು ಹೊದೆಸಿಕೊಳ್ಳುವವರೂ ಇನ್ನೊಬ್ಬ ಆರೋಪಿಗೆ ಋಣಿಗಳು. 1843ರ ಆ ದಿನ ‘ಮಂಗಳೂರ ಸಮಾಚಾರ’ ಹೊರಡಿಸಿದವನು ಪಾದ್ರಿ ಮೋಗ್ಲಿಂಗ್.

ಆರೋಪಗಳು ಮುಗಿದವು. ಈಗ ಆರೋಪಿಗಳೂ ಅವರನ್ನು ಹಿಡಿಯಲು ಬಂದವರೂ ಒಂದೇ ಬೆಂಚಿನಲ್ಲಿ ಕೂರಬಹುದು, ಏಕೆಂದರೆ ಒಂದು ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ: ಬಡವನಿಗೆ ಸ್ವಂತ ಮನಸ್ಸಿಲ್ಲ. ಬಡವ ದೀಕ್ಷೆ ಕೇಳಿ ಬಂದಾಗ ಪಾದ್ರಿಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚು: ಇವನು ಬಂದಿರುವುದು ಕ್ರಿಸ್ತನಿಗೋ ಗಂಜಿಗೋ? ಅದಕ್ಕೇ ಕಾಯಿಸಿ, ಪಾಠ ಒಪ್ಪಿಸಿ, ನಡತೆ ನೋಡಿ ನೀರು ಚಿಮುಕಿಸಿದ. ಆಮೇಲೂ ಕುಡಿತ, ಪ್ರಾರ್ಥನೆಯ ಹಾಜರಿ, ಮದುವೆ ಎಲ್ಲದರ ಮೇಲೂ ಕಣ್ಣಿಟ್ಟ. ನಮ್ಮ ಕಾಯ್ದೆ ಕೇಳುವುದೂ ಅದನ್ನೇ. ಮತ ಬದಲಿಸುವವನು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ನಮೂನೆ ತುಂಬಿಕೊಡಬೇಕು. ಅದನ್ನು ಸೂಚನಾ ಫಲಕಕ್ಕೆ ಅಂಟಿಸಬೇಕು. ಯಾರಾದರೂ ಆಕ್ಷೇಪಿಸಿದರೆ ಅವನ ‘ನಿಜವಾದ ಉದ್ದೇಶ’ವೇನೆಂದು ವಿಚಾರಣೆಯಾಗಬೇಕು. ಉಳ್ಳವರು ವರ್ಷಕ್ಕೊಬ್ಬ ಗುರುವನ್ನು ಬದಲಿಸಿದರೆ ಅದು ಆಧ್ಯಾತ್ಮಿಕ ಹುಡುಕಾಟ. ಕೂಲಿಯವನು ಒಮ್ಮೆ ದೇವರನ್ನು ಬದಲಿಸಿದರೆ ಕಂದಾಯ ಇಲಾಖೆ ತನಿಖೆಗೆ ಬರಬೇಕು.

ನಿಜ ಹೇಳಬೇಕೆಂದರೆ ಆ ಬಡವ ಇಬ್ಬರಿಗಿಂತಲೂ ಚೆನ್ನಾಗಿ ಲೆಕ್ಕ ಬಲ್ಲವನಾಗಿದ್ದ. ಒಂದು ಕಡೆ ಬಾವಿಯಿಂದ ದೂರ ನಿಲ್ಲಿಸುವ ಧರ್ಮ, ಇನ್ನೊಂದು ಕಡೆ ಕುಡಿಯಬೇಡ ಎನ್ನುತ್ತಲೇ ಕೂಲಿ ಕೊಡುವ ಧರ್ಮ. ಅವನು ಎರಡನ್ನೂ ತೂಗಿ ನೋಡಿದ. ಉತ್ತಮ ಜೀವನ ಬಯಸಿದ್ದು ಅವನ ತಪ್ಪೆನ್ನುವುದಾದರೆ, ಹಸಿದವನಿಗೆ ಅನ್ನವಿಟ್ಟವನ ಉದ್ದೇಶದ ಜೊತೆಗೆ ಅವನನ್ನು ಹಸಿವಿನಲ್ಲಿ ಇಟ್ಟವರ ಉದ್ದೇಶವನ್ನೂ ಜಿಲ್ಲಾಧಿಕಾರಿ ವಿಚಾರಿಸಲಿ. ಅದಕ್ಕೆ ಬೇಕಾದ ನಮೂನೆಯನ್ನು ಯಾವ ಸರ್ಕಾರವೂ ಇನ್ನೂ ಅಚ್ಚು ಹಾಕಿಸಿಲ್ಲ.