ಗದ್ದಲ ಮೀಮಾಂಸೆ

ಶಬ್ದ ನಿತ್ಯವೇ ಅನಿತ್ಯವೇ ಎಂಬ ಜಗಳ ನಮ್ಮ ಶಾಸ್ತ್ರಕಾರರ ನಡುವೆ ನೂರಾರು ವರ್ಷ ನಡೆದು, ಯಾರೂ ಸೋಲೊಪ್ಪದೆ, ಈಗ ಸಂಸ್ಕೃತ ಎಂ.ಎ. ಪ್ರಶ್ನೆಪತ್ರಿಕೆಗಳಲ್ಲಿ ವಿಶ್ರಾಂತಿ ಪಡೆಯುತ್ತಿದೆ. ಶಬ್ದ ಹುಟ್ಟುವುದೇ ಇಲ್ಲ, ಅದು ಸದಾ ಇದ್ದೇ ಇರುತ್ತದೆ, ಬಾಯಿ ಅದನ್ನು ಪ್ರಕಟಿಸುತ್ತದೆ ಅಷ್ಟೆ ಎಂದರು ಮೀಮಾಂಸಕರು. ಹಾಗಲ್ಲ, ಶಬ್ದ ಒಂದು ಕ್ಷಣದಲ್ಲಿ ಹುಟ್ಟಿ, ಇನ್ನೊಂದರಲ್ಲಿ ನಿಂತು, ಮೂರನೆಯದರಲ್ಲಿ ಸಾಯುತ್ತದೆ ಎಂದರು ನೈಯಾಯಿಕರು. ಎರಡೂ ಕಡೆ ಪಾಂಡಿತ್ಯಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಕ್ಷೇತ್ರಕಾರ್ಯಕ್ಕೆ. ವಾದಿಸಿದವರೆಲ್ಲ ಮಠ, ಆಶ್ರಮ, ಹೊಳೆದಂಡೆ ಮುಂತಾದ ತಣ್ಣಗಿನ ಜಾಗಗಳಲ್ಲಿ ಕೂತು ವಾದಿಸಿದರು. ಅವರಲ್ಲಿ ಒಬ್ಬರನ್ನಾದರೂ ಮೆಕ್ಸಿಕೊದ ಯಾವುದಾದರೊಂದು ಊರಿನ ಓಣಿಗೆ ಕರೆದೊಯ್ದು, ಪಕ್ಕದ ಮನೆಯ ಹುಡುಗಿಗೆ ಹದಿನೈದು ತುಂಬಿದ ಶನಿವಾರದ ರಾತ್ರಿ ಮಲಗಿಸಿದ್ದರೆ, ನ್ಯಾಯದರ್ಶನ ಬೆಳಗಿನ ಜಾವ ಮೂರಕ್ಕೆ ಮುಗಿದುಹೋಗುತ್ತಿತ್ತು.

ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಇರಲೇಬೇಕಾದ್ದರಿಂದ ಅದನ್ನು ಮೊದಲೇ ಒಪ್ಪಿಸಿಬಿಡುತ್ತೇನೆ. ವಿಷಯ, ಗದ್ದಲ. ಪ್ರಯೋಜನ, ನಿದ್ದೆ ಬಾರದಾಗ ಓದಲು ಏನಾದರೂ ಬೇಕಲ್ಲ. ಸಂಬಂಧ, ಎರಡು ಮನೆಗಳ ನಡುವಿನ ಗೋಡೆ. ಅಧಿಕಾರಿ, ಎರಡೂ ಕಿವಿ ಸರಿಯಿದ್ದು, ಬಾಡಿಗೆ ಕರಾರಿಗೆ ಈಗಾಗಲೇ ಸಹಿ ಹಾಕಿರುವವನು. ಇನ್ನು ಪ್ರತಿಜ್ಞೆ: ಮೆಕ್ಸಿಕೊದ ಊರುಗಳಲ್ಲಿ ಸದ್ದೆಂಬುದು ನಾಗರಿಕತೆಯ ನ್ಯೂನತೆಯಲ್ಲ, ಅದೇ ಅಲ್ಲಿನ ಪ್ರಮಾಣ. ನಮ್ಮಲ್ಲಿ ಶಬ್ದಪ್ರಮಾಣವೆಂದರೆ ಆಪ್ತವಾಕ್ಯದಿಂದ ಹುಟ್ಟುವ ಜ್ಞಾನ ಎಂದು ಪಂಡಿತರು ಹೇಳುತ್ತಾರೆ, ಸದ್ದಿನ ಅಳತೆ ಎಂದು ಪೊಲೀಸರು ಹೇಳುತ್ತಾರೆ. ಈ ಎರಡು ಅರ್ಥಗಳು ಒಂದಾಗಿರುವ ನಾಡು ಮೆಕ್ಸಿಕೊ ಎಂಬುದನ್ನು ಸಾಧಿಸುವುದೇ ಈ ಗ್ರಂಥದ ಉದ್ದೇಶ.

ಸಾಕ್ಷ್ಯವನ್ನು ಬೆಳಗಿನಿಂದಲೇ ಶುರುಮಾಡೋಣ. ತೂಕಡಿಸುವ ಓಣಿಗೆ ಗಂಟೆಯೊಂದು ಬರುತ್ತದೆ. ಇಗರ್ಜಿಯದ್ದೆಂದು ಎದೆ ಮುಟ್ಟಿಕೊಂಡವರು ಮೋಸಹೋದರು. ಅದು ಕಸದ ಲಾರಿಯ ಮುಂದೆ ನಡೆಯುವ ಪೌರಕಾರ್ಮಿಕನ ಕೈಗಂಟೆ. ಕೇಳಿಸಿದರೆ ಚೀಲ ಹಿಡಿದು ಓಡಬೇಕು, ಕೇಳಿಸದಿದ್ದರೆ ಇವತ್ತು ಲಾರಿ ಇಲ್ಲ. ಇಲ್ಲದ್ದನ್ನು ಇಲ್ಲವೆಂದು ತಿಳಿಸಿಕೊಡುವ ಅನುಪಲಬ್ಧಿ ಎಂಬ ಪ್ರಮಾಣವನ್ನು ವಿವರಿಸಲು ಭಾಟ್ಟ ಮೀಮಾಂಸಕರು ಖಾಲಿ ನೆಲವನ್ನೂ ಅದರ ಮೇಲೆ ಇಲ್ಲದ ಗಡಿಗೆಯನ್ನೂ ಆರಿಸಿಕೊಂಡರು. ಮೂರು ದಿನದ ಕಸ ಅಡುಗೆಮನೆಯಲ್ಲಿ ಕೂತಾಗ ಅದೇ ಪ್ರಮಾಣ ಎಷ್ಟು ಖಾರವಾಗಿ ಮೂಗಿಗೆ ಬಡಿಯುತ್ತದೆಂಬುದು ಅವರಿಗೆ ಹೊಳೆಯಲಿಲ್ಲ. ಆಮೇಲೆ ಗ್ಯಾಸಿನವನು ಬರುತ್ತಾನೆ. ಸಿಲಿಂಡರು ಹೊತ್ತ ಗಾಡಿಯಿಂದ ‘ಗಾಸ್’ ಎಂಬ ಒಂದೇ ಪದವನ್ನು ಅವನು ವಿಳಂಬ ಕಾಲದಲ್ಲಿ ವಿಸ್ತರಿಸುವ ರೀತಿ ನೋಡಿದರೆ, ಒಂದೇ ಸ್ವರದ ಮೇಲೆ ಇಷ್ಟು ಹೊತ್ತು ನಿಲ್ಲಲು ಯಾವ ಗುರುಕುಲದಲ್ಲಿ ಎಷ್ಟು ವರ್ಷ ಇದ್ದಿರಬೇಕು ಎಂದು ಬೆರಗಾಗುತ್ತದೆ. ಸೈಕಲ್ಲಿನ ಮೇಲೆ ಸಾಣೆಕಲ್ಲು ಕಟ್ಟಿಕೊಂಡ ಅಫಿಲದೋರ್, ಅಂದರೆ ಚಾಕು ಕತ್ತರಿಗೆ ಸಾಣೆ ಹಿಡಿಯುವವನು, ಬಾಯಿ ತೆರೆಯುವುದೇ ಇಲ್ಲ. ಸಾಲುಕೊಳವೆಗಳ ಪುಟ್ಟ ಪೀಪಿಯಲ್ಲಿ ಆರೋಹಣ ಊದುತ್ತಾನೆ, ಅವರೋಹಣ ಊದುತ್ತಾನೆ. ಮನೆಗಳ ಒಳಗಿನಿಂದ ಮೊಂಡು ಚಾಕುಗಳು ತಾವಾಗಿ ಹೊರಬರುತ್ತವೆ.

ಸಂಜೆಗೆ ಗೆಣಸಿನ ಗಾಡಿ. ಇಲ್ಲಿ ತರ್ಕಶಾಸ್ತ್ರದವರು ಸ್ವಲ್ಪ ಎಚ್ಚರವಾಗಿರಬೇಕು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆಯೆಂದು ಊಹಿಸುವುದು ಅವರ ಹಳೆಯ ಅಭ್ಯಾಸ. ಕಮೋತೆರೊ ತಳ್ಳಿಕೊಂಡು ಬರುವ ತಗಡಿನ ಗಾಡಿಯಲ್ಲಿ ಬೆಂಕಿಯೂ ಉಂಟು, ಹೊಗೆಯೂ ಉಂಟು, ಒಳಗೆ ಗೆಣಸೂ ಬಾಳೆಹಣ್ಣೂ ಬೇಯುತ್ತಿರುತ್ತವೆ. ಕೂಡಿಕೊಂಡ ಆವಿಯನ್ನು ಅವನು ಕೊಳವೆಯಿಂದ ಬಿಟ್ಟಾಗ ಹಳೆಯ ರೈಲು ಊರಿನ ನಡುವೆ ದಾರಿ ತಪ್ಪಿತೇನೋ ಎಂಬಂಥ ಒಂದು ಸಿಳ್ಳೆ ನಾಲ್ಕು ಬೀದಿಯಾಚೆಗೆ ಹೋಗುತ್ತದೆ. ಮೂರು ಬೀದಿಯಾಚೆ, ಹೊಗೆಯನ್ನೂ ಕಾಣದೆ ಬೆಂಕಿಯನ್ನೂ ಕಾಣದೆ, ಸಿಳ್ಳೆಯೊಂದರಿಂದಲೇ ಮೇಲೆ ಸಿಹಿ ಗಟ್ಟಿಹಾಲು ಸುರಿದ ಗೆಣಸಿನ ತನಕ ತಪ್ಪಿಲ್ಲದೆ ತಲುಪುವ ಆರು ವರ್ಷದ ಮಗುವಿನ ಮುಂದೆ ಯಾವ ನೈಯಾಯಿಕನೂ ನಿಲ್ಲಲಾರ. ವ್ಯಾಪ್ತಿಜ್ಞಾನ ಅಷ್ಟು ಗಟ್ಟಿ.

ಇಷ್ಟೂ ಪೀಠಿಕೆ. ಶಬ್ದದ ನಿತ್ಯತ್ವಕ್ಕೆ ಕಟ್ಟಕಡೆಯ ಪುರಾವೆ ಗುಜರಿಯವನ ಲಾರಿಯಲ್ಲಿದೆ. ಈ ಶತಮಾನದ ಮೊದಲ ದಶಕದಲ್ಲಿ ಮೆಕ್ಸಿಕೊ ಸಿಟಿಯ ಗುಜರಿ ವ್ಯಾಪಾರಿಯೊಬ್ಬ ದಿನವಿಡೀ ಕೂಗಿ ಗಂಟಲು ಸೋತು, ಹತ್ತರ ಆಸುಪಾಸಿನ ತನ್ನ ಮಗಳ ಕೈಯಲ್ಲಿ ಆ ಕೂಗನ್ನು ಒಮ್ಮೆ ಹೇಳಿಸಿ ಧ್ವನಿಮುದ್ರಿಸಿಕೊಂಡ. ಹಳೆ ಹಾಸಿಗೆ, ಫ್ರಿಜ್ಜು, ಒಲೆ, ಬಟ್ಟೆ ಒಗೆಯುವ ಯಂತ್ರ, ಯಾವುದಾದರೂ ಹಳೆ ಕಬ್ಬಿಣ ಇದ್ದರೆ ಕೊಳ್ಳುತ್ತೇವೆ ಎಂಬ ಆ ಎಳೆಯ, ಎಳೆದೆಳೆದು ಹಾಡುವ ದನಿಯನ್ನು ಉಳಿದ ಗುಜರಿಯವರೂ ನಕಲು ಮಾಡಿಕೊಂಡರು. ಈಗ ಅದು ದೇಶದುದ್ದಕ್ಕೂ ಓಡಾಡುತ್ತದೆ. ಹುಡುಗಿ ಬೆಳೆದು ದೊಡ್ಡವಳಾದಳು. ದನಿಗೆ ಮಾತ್ರ ವಯಸ್ಸಾಗಲಿಲ್ಲ. ಉಚ್ಚರಿಸಿದವರ ದೇಹಕ್ಕೂ ಉಚ್ಚರಿಸಿದ ಶಬ್ದಕ್ಕೂ ಸಂಬಂಧವಿಲ್ಲ, ದೇಹ ಬದಲಾಗುತ್ತದೆ, ಶಬ್ದ ಇದ್ದಂತೆಯೇ ಇರುತ್ತದೆ ಎಂದು ಜೈಮಿನಿಯ ಪರಂಪರೆಯವರು ವೇದದ ಸಲುವಾಗಿ ಒದ್ದಾಡಿ ಸಾಧಿಸಿದ್ದನ್ನು, ಇಲ್ಲಿ ಹಳೆ ಕಬ್ಬಿಣದವರು ಒಂದು ಲೌಡ್‌ಸ್ಪೀಕರಿನಲ್ಲಿ ಸಾಧಿಸಿದ್ದಾರೆ.

ಶಬ್ದ ಆಕಾಶದ ಗುಣ ಎಂಬ ಮಾತನ್ನು ಮೆಕ್ಸಿಕೊದ ಮನೆ ಕಟ್ಟುವವರು ಬಹಳ ಶ್ರದ್ಧೆಯಿಂದ ಪಾಲಿಸಿದ್ದಾರೆ. ಹಳೆಯ ಮನೆಗಳು ನಮ್ಮ ತೊಟ್ಟಿ ಮನೆಯ ಹಾಗೆ. ನಡುವೆ ಅಂಗಳ, ಅಂಗಳದ ಮೇಲೆ ಬಯಲು. ಹೊಸವು ಇಟ್ಟಿಗೆ ಸಿಮೆಂಟಿನ ಡಬ್ಬಗಳು, ನೆಲಕ್ಕೆ ಟೈಲ್ಸು, ಮೇಲೆ ಚಪ್ಪಟೆ ತಾರಸಿ, ತಾರಸಿಯ ಮೇಲೆ ಒಂದು ನಾಯಿ. ಶಬ್ದ ಹರಡುವುದಕ್ಕೆ ನಮ್ಮವರು ಎರಡು ಕ್ರಮ ಹೇಳಿದ್ದಾರೆ: ನೀರಿನ ಅಲೆಯೊಂದು ಮುಂದಿನದನ್ನು ತಳ್ಳುವ ವೀಚೀತರಂಗ ನ್ಯಾಯ, ಮತ್ತು ಕದಂಬದ ಹೂ ಒಮ್ಮೆಲೇ ಎಲ್ಲ ದಿಕ್ಕಿಗೂ ಬಿರಿಯುವ ಕದಂಬಮುಕುಲ ನ್ಯಾಯ. ತಾರಸಿ ನಾಯಿಗಳದ್ದು ಮೊದಲನೆಯದು. ಟ್ಯೂಬಾ, ಟ್ರೊಂಬೋನು, ಕ್ಲಾರಿನೆಟ್ಟು, ತಂಬೋರಾ ಎಂಬ ದೊಡ್ಡ ಡೋಲು ಇವೆಲ್ಲ ಸೇರಿದ ಸಿನಲೋವಾದ ಬಾಂದಾ ಮೇಳದ್ದು ಎರಡನೆಯದು, ಸಂದೇಹವೇ ಇಲ್ಲ.

ಇನ್ನು ಸ್ಫೋಟವಾದ. ಭರ್ತೃಹರಿ ಹೇಳಿದ ಸ್ಫೋಟ ಕಿವಿಗೆ ಕೇಳುವಂಥದ್ದಲ್ಲ, ಅರ್ಥ ಮನಸ್ಸಿನಲ್ಲಿ ಬಿರಿಯುವ ಬಗೆ ಅದು ಎಂದು ವ್ಯಾಖ್ಯಾನಕಾರರು ಸಮಜಾಯಿಷಿ ಕೊಡುತ್ತಾರೆ. ಸಾನ್ ಮಿಗೆಲ್ ದೆ ಅಯೆಂದೆ ಊರಿನವರು ಇಂಥ ಸೂಕ್ಷ್ಮಗಳಿಗೆ ತಲೆಕೆಡಿಸಿಕೊಂಡಿಲ್ಲ. ಸೆಪ್ಟೆಂಬರ್ ಕೊನೆಗೆ ಬರುವ ಊರದೇವರು ಸಂತ ಮಿಕೇಲನ ಹಬ್ಬದಲ್ಲಿ, ಬೆಳಗಿನ ಜಾವ 4 ಗಂಟೆಗೆ, ದೊಡ್ಡ ಇಗರ್ಜಿಯ ಮುಂದೆ ಅಲ್ಬೊರಾದಾ ಶುರುವಾಗಿ ಸುಮಾರು ಒಂದು ಗಂಟೆ ಬಾಣಬಿರುಸು ಸಿಡಿಯುತ್ತದೆ. ಸೈತಾನನಿಗೂ ದೇವದೂತನಿಗೂ ನಡೆದ ಯುದ್ಧವಂತೆ ಅದು. ಪದದ ಅರ್ಥ ಅರುಣೋದಯ; ಸುಪ್ರಭಾತ ಎಂದರೂ ಸಲ್ಲುತ್ತದೆ, ಎಬ್ಬಿಸುವುದು ದೇವರೊಬ್ಬನನ್ನೇ ಅಲ್ಲ ಎಂಬುದಷ್ಟೇ ವ್ಯತ್ಯಾಸ. ವರ್ಷದ ಉಳಿದ ಹಬ್ಬಗಳಿಗೆ ಕೊಎತೆ ಎಂಬ ಬಾಣ ಇದೆ. ಬಣ್ಣವಿಲ್ಲ, ಚಿತ್ತಾರವಿಲ್ಲ, ಹಗಲಲ್ಲೂ ಹಾರಿಸುತ್ತಾರೆ; ನಮ್ಮ ಕರಾವಳಿಯ ಗರ್ನಾಲಿನ ಜಾತಿ. ಬೆಳಕಿನ ಆಸೆಗೆ ಸುಡುವ ಪಟಾಕಿಯಲ್ಲ ಅದು; ಸಂತನಿಗೆ ಅರ್ಜಿ ರವಾನಿಸುವ ರಸೀತಿ.

ಈ ಹಬ್ಬಗಳ ಖರ್ಚಿನ ಲೆಕ್ಕ ಬೇಕಾದವರು ಒಕ್ತಾವಿಯೊ ಪಾಸ್ 1950ರಲ್ಲಿ ಪ್ರಕಟಿಸಿದ ‘ಎಲ್ ಲಬೆರಿಂತೊ ದೆ ಲಾ ಸೊಲೆದಾದ್’ ನೋಡಬೇಕು. ಮುಂದೆ 1962ರಿಂದ 1968ರವರೆಗೆ ದೆಹಲಿಯಲ್ಲಿ ರಾಯಭಾರಿಯಾಗಿದ್ದ ಕವಿ ಈತ. ಮಿತ್ಲಾ ಹತ್ತಿರದ ಬಡ ಹಳ್ಳಿಯೊಂದರ ಅಧ್ಯಕ್ಷರನ್ನು ನಿಮ್ಮ ವರಮಾನವೆಷ್ಟು, ಅದನ್ನೇನು ಮಾಡುತ್ತೀರಿ ಎಂದು ತಾನು ವಿಚಾರಿಸಿದ ಪ್ರಸಂಗ ಅದರಲ್ಲಿದೆ. ವರ್ಷಕ್ಕೆ ಮೂರು ಸಾವಿರ ಪೆಸೊ ಬರುತ್ತದೆ, ಹೆಚ್ಚುಕಡಿಮೆ ಎಲ್ಲ ಹಬ್ಬಕ್ಕೇ ಹೋಗುತ್ತದೆ, ಊರು ಚಿಕ್ಕದಾದರೂ ನಮಗೆ ಪಾಲಕ ಸಂತರು ಇಬ್ಬರಿದ್ದಾರಲ್ಲ ಎಂಬ ಅರ್ಥದ ಉತ್ತರ ಬಂತು. ಇಷ್ಟು ಪಾರದರ್ಶಕವಾದ ಬಜೆಟ್ ಭಾಷಣವನ್ನು ಯಾವ ವಿಧಾನಸಭೆಯೂ ಕೇಳಿಲ್ಲ. ಹಳ್ಳಿಯೇಕೆ, ದೇಶವೇ ಹುಟ್ಟಿದ್ದು ಸದ್ದಿನಿಂದ. ಬೇರೆ ದೇಶಗಳು ಕಾಗದಕ್ಕೆ ಸಹಿ ಹಾಕಿ ಸ್ವತಂತ್ರವಾದವು. ಇವರು ನೆನೆಯುವುದು 1810ರ ಸೆಪ್ಟೆಂಬರ್ 16ರ ಬೆಳಗಿನ ಜಾವ ದೊಲೋರೆಸ್ ಊರಿನ ಪಾದ್ರಿ ಮಿಗೆಲ್ ಇದಾಲ್ಗೊ ಗಂಟೆ ಬಾರಿಸಿ ಜನರನ್ನು ಸೇರಿಸಿದ್ದನ್ನು. ಹಬ್ಬದ ಹೆಸರೇ ಗ್ರಿಟೊ, ಕೂಗು. ಆ ಗಂಟೆಯನ್ನು 1896ರಲ್ಲಿ ರಾಜಧಾನಿಯ ಅರಮನೆಗೆ ತಂದು ನೇತುಹಾಕಿದರು. ಇವತ್ತಿಗೂ ಸೆಪ್ಟೆಂಬರ್ 15ರ ರಾತ್ರಿ, ಸಭ್ಯರು ಮಲಗುವ ಹೊತ್ತಿಗೆ, ರಾಷ್ಟ್ರಾಧ್ಯಕ್ಷರು ಖುದ್ದಾಗಿ ಬಾಲ್ಕನಿಗೆ ಬಂದು ಗಂಟೆ ಬಾರಿಸಿ ಕೂಗುತ್ತಾರೆ. ಸಂವಿಧಾನದ ಶಿಖರದಲ್ಲಿರುವವರೇ ಹೀಗೆ ಮಾಡುವಾಗ ಪಕ್ಕದ ಮನೆಯವನಿಗೆ ಮೆಲ್ಲಗೆ ಹಾಕಪ್ಪಾ ಎನ್ನುವುದು ರಾಜದ್ರೋಹಕ್ಕೆ ಹತ್ತಿರದ ಮಾತು.

ಪೂರ್ವಪಕ್ಷದವರು ಇಲ್ಲಿ ಕಾನೂನು ಹಿಡಿದು ಬರುತ್ತಾರೆ. ಕಾನೂನು ಇದೆ, ನಿಜ. ‘ನೋಮ್ 081’ ಎಂಬ ಮೆಕ್ಸಿಕೊದ ಅಧಿಕೃತ ಮಾನದಂಡ 1994ರದ್ದು, 2013ರಲ್ಲಿ ತಿದ್ದುಪಡಿಯಾಯಿತು. ವಸತಿ ಪ್ರದೇಶದಲ್ಲಿ ಬೆಳಗ್ಗೆ 6ರಿಂದ ರಾತ್ರಿ 10ರ ತನಕ 55 ಡೆಸಿಬೆಲ್, ಆಮೇಲೆ 50. ಆದರೆ ಅದೇ ಕೋಷ್ಟಕದ ಕೊನೆಯ ಸಾಲನ್ನು ಪೂರ್ವಪಕ್ಷಿಗಳು ಓದುವುದಿಲ್ಲ: ಸಮಾರಂಭ, ಉತ್ಸವ, ಮನರಂಜನೆ ಇವಕ್ಕೆ ನಾಲ್ಕು ಗಂಟೆ ಕಾಲ 100 ಡೆಸಿಬೆಲ್. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ ಹತ್ತಕ್ಕೆ ಸದ್ದಿನ ತೀವ್ರತೆ ಹತ್ತು ಪಟ್ಟಾಗುತ್ತದೆ. 50ಕ್ಕೂ 100ಕ್ಕೂ ನಡುವೆ ಇರುವುದು ಎರಡು ಪಟ್ಟಲ್ಲ, ಒಂದು ಲಕ್ಷ ಪಟ್ಟು. ಅಂದರೆ ಶಾಸನಕರ್ತರು ಮೌನವನ್ನು ವಿಧಿಸಿ, ಗದ್ದಲಕ್ಕೆ ಲಕ್ಷ ಪಟ್ಟು ಅಪವಾದ ಇಟ್ಟಿದ್ದಾರೆ. ಉತ್ಸರ್ಗಕ್ಕಿಂತ ಅಪವಾದ ಬಲವತ್ತರ ಎಂಬ ವೈಯಾಕರಣರ ನಿಯಮ ಗೊತ್ತಿದ್ದವರಿಗೆ ಇಲ್ಲಿ ಯಾವುದು ಗೆಲ್ಲುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಆಕ್ಷೇಪ ಪ್ರವಾಸಿಗಳ ಹೆಸರಿನಲ್ಲಿ ಬರುತ್ತದೆ. ಸಿನಲೋವಾದ ಮಸತ್ಲಾನ್ ಕಡಲತೀರದ ಹೋಟೆಲುಗಳವರು 2024ರ ಮಾರ್ಚಿನಲ್ಲಿ, ಈಸ್ಟರ್ ರಜೆ ತುಂಬಿತುಳುಕುವ ಹೊತ್ತಿಗೆ, ದಡದಲ್ಲಿ ನುಡಿಸುವ ಬಾಂದಾ ಮೇಳಗಳಿಂದ ಅತಿಥಿಗಳಿಗೆ ತೊಂದರೆಯೆಂದು ದೂರಿದರು. ನಿರ್ಬಂಧದ ಮಾತು ಎದ್ದೊಡನೆ ವಾದ್ಯದವರು ಬೀದಿಗಿಳಿದರು. ಹೇಗೆ ಇಳಿದರು? ನುಡಿಸುತ್ತಾ. ಸದ್ದು ಜಾಸ್ತಿಯೇ ಎಂಬ ವಿಚಾರಣೆಯಲ್ಲಿ ಆಪಾದಿತ ಸದ್ದೇ ಖುದ್ದಾಗಿ ಹಾಜರಾಗಿ ಹೇಳಿಕೆ ಕೊಟ್ಟ ಪ್ರಕರಣ ನ್ಯಾಯಶಾಸ್ತ್ರದಲ್ಲಿ ಅಪರೂಪ. ಪೊಲೀಸರ ಜೊತೆ ತಳ್ಳಾಟವೂ ಆಯಿತು, ಸಿನಲೋವಾದ ಹೆಗ್ಗುರುತಿಗೇ ಕೈಹಾಕುತ್ತಾರೆಂಬ ಕೋಪ ದೇಶವೆಲ್ಲ ಹಬ್ಬಿತು, ಮೇಳಗಳು ದಡದಲ್ಲೇ ಉಳಿದವು. ಹಾಡಿಗಿಷ್ಟು ಎಂದು ದುಡ್ಡು ಎಣಿಸಿಕೊಳ್ಳುವ ಆ ಬಡಪಾಯಿಗಳಿಗೆ ಅದು ಅನ್ನದ ಪ್ರಶ್ನೆ ಎಂಬುದನ್ನು ಮರೆತು ಸೌಂದರ್ಯಮೀಮಾಂಸೆ ಮಾಡುವುದು ಶಾಸ್ತ್ರಕ್ಕೂ ಶೋಭೆಯಲ್ಲ.

ಹೊರಗಿನಿಂದ ಬಂದವನಿಗೆ ಇದು ಬರೀ ಗದ್ದಲವಾಗಿ ಕೇಳಿಸುವುದಕ್ಕೆ ಕಾರಣ ಅವನ ಕಿವಿಯಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ನಮ್ಮಲ್ಲಿ ಮುಯ್ಯಿ ಎಂಬುದೊಂದಿದೆ. ಮದುವೆಗೆ ಯಾರು ಏನು ತಂದರೆಂದು ಬರೆದಿಟ್ಟು, ಅವರ ಮನೆಯ ಶುಭಕಾರ್ಯಕ್ಕೆ ಹಿಂತಿರುಗಿಸುವುದು. ಮೆಕ್ಸಿಕೊದ ಓಣಿಯಲ್ಲಿ ಸದ್ದೂ ಮುಯ್ಯಿಯೇ. ಹದಿನೈದು ತುಂಬಿದ ಹುಡುಗಿಯ ಹಬ್ಬಕ್ಕೆ, ಕಿನ್ಸೆಯನ್ಯೇರಕ್ಕೆ, ಕೇಕಿಗೊಬ್ಬ ಪದ್ರಿನೊ, ಅಂದರೆ ಪೋಷಕ, ಉಡುಪಿಗೊಬ್ಬ ಪದ್ರಿನೊ ಎಂದು ಬಂಧುಬಳಗ ಖರ್ಚು ಹಂಚಿಕೊಳ್ಳುತ್ತದೆ. ಸಂಗೀತಕ್ಕೂ ಬೇರೆಯೇ ಪದ್ರಿನೊ ಇರುತ್ತಾನೆ. ಖರ್ಚಿಗೆ ಸೇರದ ನೆರೆಯವನು ತನ್ನ ಪಾಲನ್ನು ನಿದ್ದೆಯ ರೂಪದಲ್ಲಿ ಕೊಡುತ್ತಾನೆ. ಇವತ್ತು ನಿನ್ನ ಮಗಳದ್ದು, ಮುಂದಿನ ವರ್ಷ ನನ್ನ ಮಗನದ್ದು. ಮಕ್ಕಳಿಲ್ಲದೆ, ಸಂತರಿಲ್ಲದೆ, ಸ್ಪೀಕರಿಲ್ಲದೆ ಬಂದು ಬಾಡಿಗೆಗಿದ್ದವನ ಖಾತೆಯಲ್ಲಿ ಬರೀ ಜಮೆಯೇ ಕೂಡುತ್ತಾ ಹೋಗಿ, ವಸೂಲಿಗೆ ದಾರಿಯೇ ಇರುವುದಿಲ್ಲ. ಅವನು ಒಂದು ಸಲ ಮೈಕಾಸುರನನ್ನು ಮನೆಗೆ ತಂದು ಬೆಳತನಕ ಹಾಡಿಸಿದರೆ ಓಣಿ ಅವನನ್ನು ತನ್ನವನೆಂದು ಒಪ್ಪಿಕೊಂಡೀತು.

ಮೂರನೆಯ ಆಕ್ಷೇಪ ಆರೋಗ್ಯದ್ದು, ಮತ್ತು ಅದು ಬಿಗಿಯಾಗಿದೆ. ಮಲಗುವ ಕೋಣೆಯೊಳಗೆ 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಮುಯ್ಯಿ ತೀರಿಸುವ ತನಕ ಬದುಕಿರದ ಮುದುಕರಿದ್ದಾರೆ, ಬಾಣಂತಿಯರಿದ್ದಾರೆ, ಬೆಳಗ್ಗೆ ಐದಕ್ಕೆ ಬಸ್ಸು ಹಿಡಿಯಬೇಕಾದ ಗಾರ್ಮೆಂಟ್ಸಿನ ಹೆಂಗಸರಿದ್ದಾರೆ. ಬೇಸರವಾದರೂ ಬಾಗಿಲು ತಟ್ಟದವರು ಇವರೇ, ಯಾಕೆಂದರೆ ನಾಳೆಯೂ ಅದೇ ಮುಖ ನೋಡಬೇಕು. ಈ ಆಕ್ಷೇಪಕ್ಕೆ ಸಮಾಧಾನ ಹೊಳೆಯದ ಕಾರಣ, ಇಂಥ ಕಡೆಗಳಲ್ಲಿ ಭಾಷ್ಯಕಾರರು ಮಾಡುವಂತೆ ನಾನೂ ‘ಇದು ಪ್ರಕೃತಕ್ಕೆ ಸಂಬಂಧಿಸಿದ್ದಲ್ಲ’ ಎಂದು ಮುಂದೆ ಹೋಗುತ್ತೇನೆ.

ಉಳಿದದ್ದು ಒಂದು ನಿಂದೆ: ಈ ಜನಕ್ಕೆ ಮೌನವೆಂದರೇನೆಂದೇ ಗೊತ್ತಿಲ್ಲವೆಂಬುದು. 2017ರ ಸೆಪ್ಟೆಂಬರ್ 19ರ ಮಧ್ಯಾಹ್ನ ಮೆಕ್ಸಿಕೊ ಸಿಟಿ ನಡುಗಿ ಕಟ್ಟಡಗಳು ಕುಸಿದವು. 1985ರ ಮಹಾಭೂಕಂಪವೂ ಇದೇ ತಾರೀಖಿನದ್ದು. ಅವಶೇಷಗಳ ಮೇಲೆ ಬಕೆಟ್ಟು ಹಿಡಿದು ಸಾಲುನಿಂತ ಸಾವಿರಾರು ಜನರ ನಡುವೆ ಯಾರಾದರೊಬ್ಬ ಮುಷ್ಟಿ ಮೇಲೆತ್ತುತ್ತಿದ್ದ. ಕಂಡವರು ತಾವೂ ಎತ್ತುತ್ತಿದ್ದರು. ಯಂತ್ರ ನಿಲ್ಲುತ್ತಿತ್ತು, ಮಾತು ನಿಲ್ಲುತ್ತಿತ್ತು, ಬೀದಿಗೆ ಬೀದಿಯೇ ಉಸಿರು ಹಿಡಿಯುತ್ತಿತ್ತು, ಕಾಂಕ್ರೀಟಿನ ಅಡಿಯಿಂದ ಒಂದು ಕೂಗು, ಒಂದು ತಟ್ಟುವ ಸದ್ದು ಬರುತ್ತದೇನೋ ಎಂದು. ಅಲ್ಲಿ ಮೌನ ಮಾಡಿದ್ದೂ ಸದ್ದಿಗಾಗಿಯೇ, ಬದುಕಿದ್ದೇನೆ ಎನ್ನುವ ಸದ್ದಿಗಾಗಿ. ಪ್ರತಿಜ್ಞೆಯಲ್ಲಿ ಹೇಳಿದ ಶಬ್ದಪ್ರಮಾಣಕ್ಕೆ ಇದಕ್ಕಿಂತ ಹೆಚ್ಚಿನ ಉದಾಹರಣೆ ಒದಗಿಸಲು ನನ್ನಿಂದಾಗದು, ಇದರ ಬಗ್ಗೆ ತಮಾಷೆ ಮಾಡಲೂ ಆಗದು.

ಸಂಶೋಧನೆ ಮುಂದುವರಿಸಬಯಸುವವರಿಗೆ ಅಲ್ಲಿನ ಸರ್ಕಾರ 2008ರಲ್ಲಿ ರಾಜಧಾನಿಯ ಕೊಯೊಆಕಾನ್ ಬಡಾವಣೆಯಲ್ಲಿ ಫೊನೊತೆಕಾ ನಸಿಯೊನಾಲ್ ಎಂಬ ಧ್ವನಿ ಭಂಡಾರ ತೆರೆದಿದೆ. ಅದಿರುವುದು ಕಾಸಾ ಅಲ್ವರಾದೊ ಎಂಬ ಹಳೆಯ ಮನೆಯಲ್ಲಿ. ಹಬ್ಬದ ಖರ್ಚು ವಿಚಾರಿಸಿದ ಆ ಕವಿ ಪಾಸ್ 1998ರಲ್ಲಿ ಕಣ್ಮುಚ್ಚಿದ ಮನೆಯೂ ಅದೇ. ಬೀದಿ ವ್ಯಾಪಾರಿಗಳ ಕೂಗು, ಸಿಳ್ಳೆ, ಗಂಟೆಗಳು ಮರೆಯಾಗಿಬಿಟ್ಟಾವೆಂದು ಅಲ್ಲಿ ಜೋಪಾನವಾಗಿ ಸಂಗ್ರಹಿಸಿ ಇಟ್ಟಿದ್ದಾರೆ. ದಪ್ಪ ಗೋಡೆ, ತಂಪು ಕೋಣೆ. ವಿದ್ವಾಂಸರು ಕಿವಿಗೆ ಒಳ್ಳೆಯ ಜಾತಿಯ ಹೆಡ್‌ಫೋನು ಹಾಕಿಕೊಂಡು, ಕಣ್ಣುಮುಚ್ಚಿ, ಗೆಣಸಿನ ಗಾಡಿಯ ಸಿಳ್ಳೆಯನ್ನು ಎಷ್ಟು ಸಲ ಬೇಕಾದರೂ ಆಲಿಸಬಹುದು. ಹೊರಗೆ ಅದೇ ಹೊತ್ತಿಗೆ ಗಾಡಿ ಹಾದುಹೋದರೆ ಅವರಿಗೆ ತೊಂದರೆಯಾಗುವ ಸಂಭವವಿಲ್ಲ.