ಎರಡನೇ ಪಂಕ್ತಿಯ ಗಣಿತ

ಮದುವೆಮನೆಯಲ್ಲಿ ಮೊದಲ ಪಂಕ್ತಿ ಕೂತಿತು ಅಂದರೆ ಎರಡನೇ ಪಂಕ್ತಿ ನಿಂತಿತು ಅಂತಲೇ ಲೆಕ್ಕ. ಉಣ್ಣುವವರ ಬೆನ್ನಿಗೊಬ್ಬರಂತೆ, ಕುರ್ಚಿ ಹಿಡಿದುಕೊಂಡು, ಕಣ್ಣೆಲ್ಲ ಮುಂದಿನವರ ಎಲೆಯ ಮೇಲೆ. ಇನ್ನೂ ಸಾರಿನಲ್ಲಿದ್ದಾರೋ, ಮಜ್ಜಿಗೆಗೆ ಬಂದರೋ? ಇನ್ನೇನು ಎದ್ದರು ಅನ್ನುವಾಗ ಆ ಮಹಾನುಭಾವರು "ಇನ್ನೊಂದು ಹೋಳಿಗೆ ಹಾಕಪ್ಪ, ತುಪ್ಪಾನೂ ಬರಲಿ" ಅಂದರೆ ಹಿಂದಿನವರ ಎದೆ ಧಸಕ್ಕೆನ್ನುತ್ತದೆ. ಕೂತವರಿಗೆ ತುತ್ತು ಇಳಿಯದು, ನಿಂತವರಿಗೆ ಕಾಲುನೋವು.

ಎಲ್ಲರೂ ಹೊರಗೆ ಫ್ಯಾನಿನ ಕೆಳಗೆ ಹರಟುತ್ತ ಕೂತು, ಎಲೆ ಎತ್ತಿದ ಮೇಲೆ ಒಳಗೆ ಬಂದರೂ ಅಷ್ಟೇ ಕುರ್ಚಿ, ಅದೇ ಊಟ. ಇದು ಗೊತ್ತಿಲ್ಲದವರು ಯಾರೂ ಇಲ್ಲ. ಆದರೆ ನೀವೊಬ್ಬರೇ ಮರ್ಯಾದಸ್ಥರಾಗಿ ಹೊರಗೆ ಕೂತು ನೋಡಿ: ನಿಮಗೆ ಮೂರನೇ ಪಂಕ್ತಿಯೇ ಗತಿ, ಹೋಳಿಗೆ ಅಷ್ಟರಲ್ಲಿ ಖಾಲಿ.

ಈ ಫಜೀತಿಗೆ ಗಣಿತದಲ್ಲಿ ನ್ಯಾಶ್ ಸಮತೋಲನ ಅಂತ ಹೆಸರು. ಉಳಿದವರೆಲ್ಲ ತಮ್ಮ ಪಟ್ಟು ಬಿಡದಿರುವಾಗ ನಾನೊಬ್ಬ ಬದಲಿಸಿ ಗಿಟ್ಟುವುದೇನೂ ಇಲ್ಲ; ಪ್ರತಿಯೊಬ್ಬರ ಲೆಕ್ಕವೂ ಇದೇ ಆದಾಗ ಆಟ ಅಲ್ಲೇ ನಿಂತುಬಿಡುತ್ತದೆ. ಆಟಗಾರರೂ ಅವರ ಪಟ್ಟುಗಳೂ ಎಣಿಸಲು ಸಿಗುವಷ್ಟಿದ್ದು, ನಾಣ್ಯ ಚಿಮ್ಮಿ ಪಟ್ಟು ಆರಿಸಲೂ ಬಿಟ್ಟರೆ, ಇಂಥ ನೆಲೆ ಒಂದಾದರೂ ಇದ್ದೇ ಇರುತ್ತದೆ ಎಂದು 1950ರಲ್ಲಿ ಸಾಧಿಸಿದವರು ಪ್ರಿನ್ಸ್‌ಟನ್ನಿನ ಜಾನ್ ನ್ಯಾಶ್. ವಯಸ್ಸು 21, ಲೇಖನ ಎರಡೇ ಪುಟ. ಗೇಮ್ ಥಿಯರಿಯ ಪಿತಾಮಹ ವಾನ್ ನಾಯ್ಮನ್ "ಇದೇನು ಮಹಾ" ಅನ್ನುವ ಧಾಟಿಯಲ್ಲಿ ತಳ್ಳಿಹಾಕಿದರಂತೆ. 1994ರಲ್ಲಿ ಹರ್ಸಾನ್ಯಿ, ಸೆಲ್ಟೆನ್ ಅವರ ಜೊತೆ ನ್ಯಾಶ್‌ಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಆಟ ಒಳ್ಳೆಯ ಕಡೆಯೇ ನಿಲ್ಲುತ್ತದೆ ಅಂತ ಮಾತ್ರ ನ್ಯಾಶ್ ಮಾತು ಕೊಟ್ಟಿಲ್ಲ. ಫ್ಯಾನಿನ ಕೆಳಗಿನ ಆ ಸುಖವನ್ನೇ ನೋಡಿ. ಒಬ್ಬ ಮಾವ "ಕೈ ತೊಳ್ಕೊಂಡು ಬರ್ತೀನಿ" ಅಂತ ಎದ್ದರೆ ಸಾಕು, ಇಡೀ ಬೀಗರ ಬಳಗಕ್ಕೆ ಒಮ್ಮೆಲೇ ಕೈ ಕೊಳೆಯಾಗಿರುವುದು ನೆನಪಾಗುತ್ತದೆ. ಎರಡು ನಿಮಿಷದಲ್ಲಿ ಎಲ್ಲರೂ ಕುರ್ಚಿಗಳ ಹಿಂದೆ.

"ನಮ್ಮ ಜನಕ್ಕೆ ಶಿಸ್ತೇ ಇಲ್ಲ ಕಣ್ರೀ" ಅಂತ ಉಪದೇಶ ಮಾಡುವವರೂ ಅಲ್ಲಿರುತ್ತಾರೆ, ಒಂದು ಕೈಯಲ್ಲಿ ಕುರ್ಚಿ ಹಿಡಿದುಕೊಂಡೇ! ಸ್ವಾಮಿ, ಜನರನ್ನು ತಿದ್ದಲು ಹೋಗಬೇಡಿ, ಆಟದ ನಿಯಮ ತಿದ್ದಿ. ಬಾಗಿಲಲ್ಲೇ ನಂಬರು ಹಾಕಿದ ಟೋಕನ್ ಕೊಟ್ಟುಬಿಡಿ. ನಿಂತು ಗಿಟ್ಟುವುದು ಏನೂ ಇಲ್ಲ ಅಂತಾದ ಕ್ಷಣ ಎಲ್ಲರೂ ಸಭ್ಯಸ್ಥರು.

ಟೋಕನ್ ಹಂಚುವವರು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಅನ್ನುತ್ತೀರಾ? ಅದು ಬೇರೆಯೇ ಆಟ. ಅದಕ್ಕೆ ಸಮತೋಲನ ಹುಡುಕುವ ಧೈರ್ಯ ನ್ಯಾಶ್‌ಗೂ ಇರಲಿಕ್ಕಿಲ್ಲ.